ಕಣ್ಣುಬೇನೆಯ ಸೇನಾಪತಿ

(‘ಗ್ಲಾಡಿಯೇಟರ್’ ಸಿನಿಮಾದ ಪ್ರದರ್ಶನವೊಂದು ಮುಗಿದ ಕೂಡಲೇ ಅಲ್ಲಿಯೇ ಆಡಿದ ಮಾತುಗಳ ಬರಹ ರೂಪ ಇದು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ. ದಾರಿ ಬಿಟ್ಟು ಅಲೆದ ಕಡೆಗಳನ್ನು ಹಾಗೆಯೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೀಪ ಹತ್ತಿ ಐದು ನಿಮಿಷವೂ ಆಗಿಲ್ಲ. ಎರಡೂವರೆ ಗಂಟೆ ಕತ್ತಲಲ್ಲಿ ಕುಳಿತಿದ್ದವರು ಇನ್ನೂ ಕಣ್ಣು ಕಿರಿದು ಮಾಡಿಕೊಂಡೇ ನನ್ನನ್ನು ನೋಡುತ್ತಿದ್ದೀರಿ. ಕೆಲವರು ಕರವಸ್ತ್ರವನ್ನು ಅವಸರದಲ್ಲಿ ಜೇಬಿಗೆ ಸೇರಿಸಿದ್ದನ್ನೂ ಕಂಡೆ. ನಾಚಿಕೆ ಬೇಡ. ನಾನು ಈ ಚಿತ್ರವನ್ನು ಏಳೆಂಟು ಸಲ ನೋಡಿದವನು. ಗೋಧಿಯ ತೆನೆಗಳ ಮೇಲೆ ಆ ಕೈ ಮೆಲ್ಲಗೆ ಸವರಿಕೊಂಡು ಹೋಗುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ. ಆ ಕೈ ನಾಯಕ ನಟ ರಸೆಲ್ ಕ್ರೋ ಅವರದಲ್ಲ, ಅವರ ಡೂಪ್‌ನದು ಎಂದು ಗೊತ್ತಾದ ಮೇಲೂ ಕಟ್ಟುತ್ತದೆ.

ಮಧ್ಯಂತರದಲ್ಲಿ ಚಹಾ ಕುಡಿಯುವಾಗ ಒಬ್ಬರು ಕೇಳಿದರು: “ಇದೆಲ್ಲ ನಿಜವಾಗಿ ನಡೆದದ್ದೇ?” ಐತಿಹಾಸಿಕ ಚಿತ್ರ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆ. ಅವರಿಗೆ ಅಲ್ಲಿ ಅರ್ಧ ಉತ್ತರ ಹೇಳಿದ್ದೆ. ಅರಮನೆಯ ಕಡೆಯವರೆಲ್ಲ ಇದ್ದವರೇ. ರೋಮ್‌ನ ಮುದುಕ ಚಕ್ರವರ್ತಿ ಮಾರ್ಕಸ್ ಅರೀಲಿಯಸ್ ಇದ್ದ, ಮಗ ಕೊಮೊಡಸ್ ಇದ್ದ, ಮಗಳು ಲೂಸಿಲ್ಲಾ ಇದ್ದಳು. ಕಣದ ಕಡೆಯವರು, ಅಂದರೆ ಜನರ ಮನರಂಜನೆಗಾಗಿ ಆಯುಧ ಹಿಡಿದು ಹೋರಾಡುವ ಗ್ಲಾಡಿಯೇಟರ್‌ಗಳು, ಕಟ್ಟುಕಥೆ. ನಾವು ಯಾರಿಗಾಗಿ ಕರವಸ್ತ್ರ ತೆಗೆದೆವೋ ಆ ಮ್ಯಾಕ್ಸಿಮಸ್ ಎಂಬುವನು ಹುಟ್ಟಿಯೇ ಇರಲಿಲ್ಲ.

ಉಳಿದ ಅರ್ಧ ಉತ್ತರ ಹೀಗಿದೆ. ಮ್ಯಾಕ್ಸಿಮಸ್ ಇರಲಿಲ್ಲ, ಆದರೆ ಅವನ ಜಾಗದಲ್ಲಿ ಒಬ್ಬ ಮನುಷ್ಯ ಇದ್ದ. ಮಾರ್ಕಸ್‌ಗೆ ಬೇಕಾದವನು, ಉತ್ತರದ ಗಡಿಯಲ್ಲಿ ಸೇನೆ ನಡೆಸಿದವನು, ಲೂಸಿಲ್ಲಾಳ ಜೊತೆ ನಂಟು ಇದ್ದವನು, ಕೊಮೊಡಸ್‌ನ ಆಟಗಳನ್ನು ಕಂಡರೆ ಅಸಹ್ಯಪಡುತ್ತಿದ್ದವನು. ಅವನು ಏನು ಮಾಡಿದ ಎಂದು ಆಮೇಲೆ ಹೇಳುತ್ತೇನೆ. ಕತ್ತಿ ಹಿರಿಯಲಿಲ್ಲ ಎಂದಷ್ಟೇ ಈಗ ತಿಳಿದಿರಲಿ.

ಮೊದಲು ಸಿನಿಮಾದ ಕಥೆ. ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಗ್ಲಾಡಿಯೇಟರ್’ 2000ದ ಮೇ ತಿಂಗಳಲ್ಲಿ ತೆರೆ ಕಂಡಿತು. ಆ ಹೊತ್ತಿಗೆ ಹಾಲಿವುಡ್‌ನಲ್ಲಿ ರೋಮ್ ಎಂದರೆ ಕೈ ಸುಟ್ಟುಕೊಳ್ಳುವ ವ್ಯವಹಾರ ಎಂದೇ ಲೆಕ್ಕ. ಹಾಗೆ ಲೆಕ್ಕ ಹಾಕುವಂತೆ ಮಾಡಿದ್ದು 1964ರ ‘ದಿ ಫಾಲ್ ಆಫ್ ದಿ ರೋಮನ್ ಎಂಪೈರ್’. ತಮಾಷೆ ಏನೆಂದರೆ ಅದರದ್ದೂ ಇದೇ ಕಥೆ: ಅದೇ ಮಾರ್ಕಸ್, ಅದೇ ಕೊಮೊಡಸ್, ಅದೇ ಲೂಸಿಲ್ಲಾ, ನಡುವೆ ನೆಟ್ಟಗೆ ನಿಂತ ಒಬ್ಬ ಸೇನಾಪತಿ. ಮ್ಯಾಡ್ರಿಡ್ ಪಕ್ಕದ ಬಯಲಿನಲ್ಲಿ ರೋಮ್‌ನ ಇಡೀ ಫೋರಂ ಅನ್ನೇ, ಅಂದರೆ ನಗರದ ನಡುವಿನ ಚೌಕವನ್ನೇ, ಎಬ್ಬಿಸಿ ನಿಲ್ಲಿಸಿದರು. ಕಂಬಗಳೆಲ್ಲ ಬಂದವು, ಪ್ರೇಕ್ಷಕರು ಬರಲಿಲ್ಲ. ನಿರ್ಮಾಪಕ ಸ್ಯಾಮ್ಯುಯೆಲ್ ಬ್ರಾನ್ಸ್ಟನ್ ದಿವಾಳಿಯಾದ. ಆಮೇಲೆ ಮೂರೂವರೆ ದಶಕ ರೋಮ್ ಕಡೆ ದೊಡ್ಡ ಹಣ ತಿರುಗಿ ನೋಡಲಿಲ್ಲ.

ಸ್ಕಾಟ್ ಅವರನ್ನು ಒಪ್ಪಿಸಲು ಹೋದ ನಿರ್ಮಾಪಕರು ಕೈಯಲ್ಲಿ ಹಿಡಿದುಕೊಂಡು ಹೋದದ್ದು ಒಂದು ವರ್ಣಚಿತ್ರದ ಪ್ರತಿಯನ್ನು. ಫ್ರೆಂಚ್ ಚಿತ್ರಕಾರ ಜೆರೋಮ್ 1872ರಲ್ಲಿ ಬರೆದದ್ದು. ಬಿದ್ದವನ ಕೊರಳ ಮೇಲೆ ಕಾಲಿಟ್ಟು ಗೆದ್ದವನು ಮೇಲೆ ನೋಡುತ್ತಿದ್ದಾನೆ, ಮೇಲೆ ಸಾಲಾಗಿ ಕುಳಿತ ಬಿಳಿಯುಡುಗೆಯ ಹೆಂಗಸರು ಹೆಬ್ಬೆರಳನ್ನು ಕೆಳಗೆ ತೋರಿಸುತ್ತಿದ್ದಾರೆ. ಸ್ಕಾಟ್ ಚಿತ್ರವನ್ನು ನೋಡಿದರು, ಒಪ್ಪಿದರು. ಕೆಳಗೆ ತೋರಿದರೆ ಸಾವು, ಮೇಲೆ ತೋರಿದರೆ ಜೀವ ಎಂದು ನಮಗೆಲ್ಲ ತಲೆಯಲ್ಲಿ ಕುಳಿತದ್ದು ಈ ವರ್ಣಚಿತ್ರದಿಂದ. ಲ್ಯಾಟಿನ್ ಕವಿ ಜುವೆನಲ್ ಹೇಳಿರುವುದು ‘ತಿರುಗಿಸಿದ ಹೆಬ್ಬೆರಳು’ ಎಂದಷ್ಟೇ. ಯಾವ ಕಡೆಗೆ ತಿರುಗಿಸಿದ್ದು ಎಂದು ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಓದುವವರಿಗೆಲ್ಲ ಗೊತ್ತಿದ್ದ ವಿಷಯ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ, ಹೀಗಾಗಿ ಅದೇ ಮೊದಲು ಕಳೆದುಹೋಗುತ್ತದೆ. ನಮ್ಮ ಅಜ್ಜಿಯರ ಸಾರಿನ ಪುಡಿಯ ಅಳತೆಯ ಹಾಗೆ.

ಚಿತ್ರಕಥೆ ಮುಗಿಯದೆಯೇ ಚಿತ್ರೀಕರಣ ಶುರುವಾಯಿತು. ಡೇವಿಡ್ ಫ್ರಾಂಜೋನಿ ಮೊದಲು ಬರೆದ ಕರಡಿನಲ್ಲಿ ನಾಯಕನ ಹೆಸರು ಮ್ಯಾಕ್ಸಿಮಸ್ ಅಲ್ಲ, ನಾರ್ಸಿಸಸ್. ಈ ಹೆಸರನ್ನೂ ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ. ಆರಂಭದ ಯುದ್ಧದ ಜರ್ಮೇನಿಯಾ ಕಾಡು ಇಂಗ್ಲೆಂಡಿನ ಸರ್ರೆಯ ಬೋರ್ನ್ ವುಡ್. ಅಲ್ಲಿನ ಅರಣ್ಯ ಇಲಾಖೆ ಆ ಮರಗಳನ್ನು ಹೇಗೂ ತೆಗೆಸಬೇಕೆಂದಿತ್ತು, ಇವರು ಸುಟ್ಟುಕೊಟ್ಟರು. ಇಬ್ಬರಿಗೂ ಲಾಭ. ಗುಲಾಮರ ಸಂತೆ, ಮಣ್ಣಿನ ಪುಟ್ಟ ಕಣ, ಇವೆಲ್ಲ ಮೊರಾಕ್ಕೊ. ರೋಮ್ ಎಂದು ನೀವು ಕಂಡದ್ದು ಮಾಲ್ಟಾ ದ್ವೀಪದ ಒಂದು ಹಳೆಯ ಕೋಟೆ. ಅಲ್ಲಿ ರೋಮ್‌ನ ದೊಡ್ಡ ಕಣವಾದ ಕೊಲೊಸಿಯಂನ ಸುತ್ತಳತೆಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು, 52 ಅಡಿ ಎತ್ತರಕ್ಕೆ, ಹಲಗೆ ಮತ್ತು ಪ್ಲಾಸ್ಟರಿನಲ್ಲಿ ಕಟ್ಟಿದರು. ಉಳಿದದ್ದನ್ನು ಕಂಪ್ಯೂಟರ್ ಕಟ್ಟಿತು. ಕೂಗುವ ಜನರಲ್ಲಿ ನಿಜವಾದವರು ಸುಮಾರು 2,000. ಮಿಕ್ಕ ಸಾವಿರಾರು ಮಂದಿ ಕಂಪ್ಯೂಟರಿನ ಸಂತಾನ. ನಾನು ಇವತ್ತು ಹೇಳಬೇಕೆಂದಿರುವುದು ಈ ಕೂಗುವ ಜನರ ಬಗ್ಗೆಯೇ, ಅದಕ್ಕಾಗಿ ಈ ಲೆಕ್ಕ ಹೇಳಿದೆ.

ಗ್ಲಾಡಿಯೇಟರ್‌ಗಳ ಮಾಲೀಕ ಪ್ರಾಕ್ಸಿಮೊ ಆಗಿ ನಟಿಸಿದ ಆಲಿವರ್ ರೀಡ್ ಚಿತ್ರೀಕರಣ ಮುಗಿಯುವ ಮೊದಲೇ, 1999ರ ಮೇ 2ರಂದು, ಮಾಲ್ಟಾದ ವಲೆಟ್ಟಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬಾಕಿ ಉಳಿದಿದ್ದ ದೃಶ್ಯಗಳಿಗೆ ಮೊದಲೇ ತೆಗೆದಿದ್ದ ಅವರ ಮುಖವನ್ನು ಬೇರೊಬ್ಬರ ಮೈಗೆ ಕೂಡಿಸಿದರು. ಇನ್ನೊಮ್ಮೆ ನೋಡುವಾಗ ಕೊನೆಯ ಭಾಗದ ಪ್ರಾಕ್ಸಿಮೊನನ್ನು ಗಮನಿಸಿ. ನೆರಳಿನಲ್ಲಿಯೇ ನಿಲ್ಲುತ್ತಾನೆ, ಹೆಚ್ಚು ಮಾತಾಡುವುದಿಲ್ಲ.

ತಪ್ಪುಗಳ ಪಟ್ಟಿ ಬೇಕೇ? ಬೇಗ ಮುಗಿಸುತ್ತೇನೆ. ರೋಮನ್ ಸವಾರರಿಗೆ ರಿಕಾಬು, ಅಂದರೆ ಕಾಲಿಡುವ ಬಳೆ, ಇರಲಿಲ್ಲ, ಚಿತ್ರದಲ್ಲಿದೆ. ಕಾಡಿನ ಯುದ್ಧದಲ್ಲಿ ಓಡಿಬರುವ ನಾಯಿಯ ತಳಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕೊಲೊಸಿಯಂ ಎಂಬ ಹೆಸರು ಆಗ ಆ ಕಟ್ಟಡಕ್ಕೆ ಇರಲಿಲ್ಲ. ‘ಸಾಯಲಿರುವ ನಾವು ವಂದಿಸುತ್ತೇವೆ’ ಎಂಬ ಮಾತು ದಾಖಲೆಯಲ್ಲಿ ಬರುವುದು ಒಂದೇ ಪ್ರಸಂಗಕ್ಕೆ ಸಂಬಂಧಿಸಿ, ಅದೂ ಹಿಂದಿನ ಚಕ್ರವರ್ತಿ ಕ್ಲಾಡಿಯಸ್‌ನ ಕಾಲದಲ್ಲಿ ಕೆರೆಯೊಂದರ ಮೇಲೆ ನಡೆದ ಅಣಕು ನೌಕಾಯುದ್ಧದಲ್ಲಿ ಶಿಕ್ಷೆಗೊಳಗಾದವರು ಆಡಿದ್ದು. ಇಷ್ಟು ಸಾಕು. ರಿಕಾಬು ಇಲ್ಲದೆ ಕುದುರೆ ಓಡಿಸಿ ನಟರು ಬಿದ್ದು ಕೈಕಾಲು ಮುರಿದುಕೊಳ್ಳಲಿ ಎಂದು ನಾನಂತೂ ಬಯಸುವುದಿಲ್ಲ.

ಮಾರ್ಕಸ್‌ನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಚಿತ್ರದಲ್ಲಿ ಅವನು ರೋಮ್‌ನಲ್ಲಿ ಈ ಆಟಗಳನ್ನೇ ನಿಲ್ಲಿಸಿದ್ದ. ಇತಿಹಾಸದಲ್ಲಿ ಹಾಗಿಲ್ಲ. ಅವನಿಗೆ ಆಟ ಬೇಸರ ತರಿಸುತ್ತಿತ್ತು, ಅಷ್ಟೆ. ಅವನು ಆಟಕ್ಕೆ ಬಂದು ಕುಳಿತು ಅಲ್ಲಿಯೇ ಓದುತ್ತಿದ್ದನಂತೆ, ಅಹವಾಲು ಕೇಳುತ್ತಿದ್ದನಂತೆ, ಕಾಗದಗಳಿಗೆ ಸಹಿ ಹಾಕುತ್ತಿದ್ದನಂತೆ. ಸಿನಿಮಾ ನಡೆಯುವಾಗ ಮೊಬೈಲ್ ನೋಡುವವರನ್ನು ನಾವು ಬೈಯುವಂತೆ ಜನ ಅವನನ್ನೂ ಆಡಿಕೊಂಡರು. ಉತ್ತರದ ಯುದ್ಧಕ್ಕೆ ಆಳು ಸಾಲದಾದಾಗ ಗ್ಲಾಡಿಯೇಟರ್‌ಗಳನ್ನೇ ಸೈನ್ಯಕ್ಕೆ ಸೇರಿಸಿಕೊಂಡ. ಆಗ ಊರಲ್ಲಿ ಹುಟ್ಟಿದ ಮಾತು: “ನಮ್ಮ ಮನರಂಜನೆ ಕಿತ್ತುಕೊಂಡು ನಮ್ಮನ್ನೆಲ್ಲ ತತ್ತ್ವಜ್ಞಾನಿಗಳನ್ನಾಗಿ ಮಾಡಬೇಕೆಂದಿದ್ದಾನೆ.”

ಮಗನಿಗೆ ರಾಜ್ಯ ಕೊಡಬಾರದೆಂದು ಅವನು ಹಂಬಲಿಸಿದ್ದೂ ಚಿತ್ರದ ಕಲ್ಪನೆ. ಕ್ರಿ.ಶ. 177ರಲ್ಲಿಯೇ ಕೊಮೊಡಸ್‌ನನ್ನು ಜೊತೆ ಚಕ್ರವರ್ತಿಯಾಗಿ ಮಾಡಿದ್ದ. 180ರ ಮಾರ್ಚ್ 17ರಂದು ಮಾರ್ಕಸ್ ಸತ್ತಾಗ ಹುಡುಗನಿಗೆ ಹದಿನೆಂಟು. ಅಪ್ಪನನ್ನು ಅಪ್ಪಿಕೊಂಡು ಉಸಿರುಗಟ್ಟಿಸುವ ಆ ಭಯಂಕರ ದೃಶ್ಯ ಇತಿಹಾಸದಲ್ಲಿಲ್ಲ. ಆದರೆ ವೈದ್ಯರು ಕೊಮೊಡಸ್‌ನನ್ನು ಮೆಚ್ಚಿಸಲು ಮಾರ್ಕಸ್‌ನನ್ನು ಮುಗಿಸಿದರು ಎಂದು ತಾನು ಸ್ಪಷ್ಟವಾಗಿ ಕೇಳಿದ್ದೇನೆ ಎಂದು ಆ ಕಾಲದವನೇ ಆದ ಒಬ್ಬ ಬರೆದಿದ್ದಾನೆ. ಅವನ ಹೆಸರು ಕ್ಯಾಸಿಯಸ್ ಡಿಯೊ. ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ನ ಸದಸ್ಯ, ಗ್ರೀಕ್ ಭಾಷೆಯಲ್ಲಿ 80 ಭಾಗಗಳ ರೋಮ್ ಇತಿಹಾಸ ಬರೆದವನು. ಅವನ ಬಳಿಗೆ ಈಗಲೇ ಹೋಗೋಣವೆಂದರೆ, ಅದಕ್ಕೂ ಮೊದಲು ಕಣದೊಳಗಿನ ವ್ಯವಹಾರ ಒಂದಿಷ್ಟು ತಿಳಿಯಬೇಕು.

ವ್ಯವಹಾರ ಎಂದು ಬೇಕೆಂದೇ ಹೇಳಿದೆ. ಗಾಯಸ್ ಎಂಬ ನ್ಯಾಯಶಾಸ್ತ್ರಜ್ಞ, ಮಾರ್ಕಸ್‌ನ ಕಾಲದವನು, ಕಾನೂನು ವಿದ್ಯಾರ್ಥಿಗಳಿಗಾಗಿ ಒಂದು ಪಠ್ಯ ಬರೆದಿದ್ದಾನೆ. ಬಾಡಿಗೆಗೂ ಮಾರಾಟಕ್ಕೂ ವ್ಯತ್ಯಾಸ ಏನು ಎಂದು ವಿವರಿಸುವಾಗ ಅವನು ಕೊಡುವ ಉದಾಹರಣೆ ನೋಡಿ. ನಾನು ನಿಮಗೆ ಗ್ಲಾಡಿಯೇಟರ್‌ಗಳನ್ನು ಕೊಡುತ್ತೇನೆ. ಗಾಯವಿಲ್ಲದೆ ಹಿಂದಿರುಗಿದ ಒಬ್ಬೊಬ್ಬನಿಗೆ ಅವನ ‘ಬೆವರಿಗಾಗಿ’ 20 ದಿನಾರ್. ಸತ್ತವನಿಗೆ ಅಥವಾ ಅಂಗಹೀನನಾದವನಿಗೆ 1,000 ದಿನಾರ್. ಇದು ಬಾಡಿಗೆಯೋ ಮಾರಾಟವೋ? ಹಿಂದಿರುಗಿದರೆ ಬಾಡಿಗೆ, ಹೋದರೆ ಮಾರಾಟ ಎಂಬುದು ಒಪ್ಪಿತ ಉತ್ತರ. ಮದುವೆ ಮನೆಗೆ ಪಾತ್ರೆ ಬಾಡಿಗೆ ಕೊಡುವವರು ಮಾಡುವ ಕರಾರೂ ಇದೇ ತಾನೆ? ತಂದುಕೊಟ್ಟರೆ ಬಾಡಿಗೆ, ಒಡೆದರೆ ಪೂರ್ತಿ ಬೆಲೆ.

ಈ ಲೆಕ್ಕದಿಂದ ಇನ್ನೊಂದು ವಿಷಯ ಹೊಳೆಯುತ್ತದೆ. ಸಾವು ಐವತ್ತು ಪಟ್ಟು ದುಬಾರಿ. ಚಿತ್ರದಲ್ಲಿ ಸಾಯುವ ಹಾಗೆ ಪ್ರತಿ ಪಂದ್ಯದಲ್ಲಿ ಹತ್ತಾರು ಮಂದಿ ಸಾಯುತ್ತಿದ್ದರೆ ಆಟ ಆಡಿಸುವವನು ಮನೆ ಮಾರಬೇಕಾಗುತ್ತಿತ್ತು. ಹೀಗಾಗಿ ಪಂದ್ಯಕ್ಕೆ ತೀರ್ಪುಗಾರರಿದ್ದರು, ನಿಯಮಗಳಿದ್ದವು, ಚೆನ್ನಾಗಿ ಹೋರಾಡಿ ಸೋತವನನ್ನು ಬದುಕಲು ಬಿಡುವ ಪದ್ಧತಿ ಇತ್ತು, ಗಾಯಕ್ಕೆ ಒಳ್ಳೆಯ ವೈದ್ಯರಿದ್ದರು. ಮುಂದೆ ಮಾರ್ಕಸ್‌ನ ಮನೆಗೇ ವೈದ್ಯನಾದ ಗೇಲೆನ್ ಕೈ ಪಳಗಿಸಿಕೊಂಡದ್ದು ಪೆರ್ಗಮಾನ್ ಊರಿನ ಗ್ಲಾಡಿಯೇಟರ್‌ಗಳ ಗಾಯ ಹೊಲಿಯುತ್ತಾ.

ಸಿಸಿಲಿಯಲ್ಲಿ ಒಬ್ಬ ಗ್ಲಾಡಿಯೇಟರ್‌ನ ಗೋರಿಗಲ್ಲು ಸಿಕ್ಕಿದೆ. ಹೆಸರು ಫ್ಲಾಮಾ, ಅಂದರೆ ಜ್ವಾಲೆ, ರಂಗದ ಹೆಸರಿರಬೇಕು. ವಯಸ್ಸು 30. ಹೋರಾಟ 34. ಗೆಲುವು 21. ಸಮ 9. ಸೋತು ಜೀವ ಉಳಿದದ್ದು 4. ಸಿರಿಯಾದವನು. ಕಲ್ಲು ನಿಲ್ಲಿಸಿದವನು ಜೊತೆಗಾರ ಡೆಲಿಕಾಟುಸ್. ಅಲ್ಲಿಗೆ ಮುಗಿಯಿತು. ಕ್ರಿಕೆಟ್ ಆಟಗಾರನ ಅಂಕಿಅಂಶದಂತೆ ಕಾಣುವ ಈ ನಾಲ್ಕು ಸಾಲನ್ನು ಓದುವಾಗ ನನಗೆ ನಮ್ಮ ಊರೂರಿನ ವೀರಗಲ್ಲುಗಳು ನೆನಪಾಗುತ್ತವೆ. ಒಂದು ವ್ಯತ್ಯಾಸವಿದೆ. ತುರು ಕಾದು ಸತ್ತವನನ್ನು ನಮ್ಮ ಕಲ್ಲಿನ ಮೇಲಿನ ಅಂಕಣದಲ್ಲಿ ಅಪ್ಸರೆಯರು ಕರೆದೊಯ್ಯುತ್ತಾರೆ, ಅದರ ಮೇಲೆ ಅವನು ದೇವರ ಸನ್ನಿಧಿಯಲ್ಲಿರುತ್ತಾನೆ. ಫ್ಲಾಮಾನಿಗೆ ಅಪ್ಸರೆಯರಿಲ್ಲ. ಅವನಿಗಾಗಿ ಎಣಿಕೆ ಇಟ್ಟುಕೊಂಡ ಒಬ್ಬ ಗೆಳೆಯನಿದ್ದಾನೆ. ಚಿತ್ರದಲ್ಲಿ ಮ್ಯಾಕ್ಸಿಮಸ್ ಸತ್ತ ಮೇಲೆ ಅವನ ಜೊತೆಗಾರ ಜೂಬಾ ಖಾಲಿ ಕಣದ ಮಣ್ಣಿನಲ್ಲಿ ಅವನ ಹೆಂಡತಿ ಮಗನ ಆ ಪುಟ್ಟ ಬೊಂಬೆಗಳನ್ನು ಹೂಳುತ್ತಾನಲ್ಲ, ಇಡೀ ಚಿತ್ರದಲ್ಲಿ ಇತಿಹಾಸಕ್ಕೆ ಹೆಚ್ಚು ಹತ್ತಿರವಾದ ದೃಶ್ಯ ನನ್ನ ಪಾಲಿಗೆ ಅದೇ.

ಇಲ್ಲಿ ಒಂದು ಅಡ್ಡಮಾತು, ಕನ್ನಡದ ಸಭೆಯಾದ್ದರಿಂದ. ರೋಮ್‌ನ ಜನ ಕಣದ ಸುತ್ತ ಕೂಗುತ್ತಿದ್ದ ಅದೇ ಎರಡನೆಯ ಶತಮಾನದ ಆಸುಪಾಸಿನಲ್ಲಿ, ಅದೇ ಸಾಮ್ರಾಜ್ಯದ ಈಜಿಪ್ಟಿನಲ್ಲಿ ಜನ ಬೇರೊಂದು ಮನರಂಜನೆಗೆ ನಗುತ್ತಿದ್ದರು. ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ ತುಣುಕಿನಲ್ಲಿ ಒಂದು ಪ್ರಹಸನವಿದೆ. ಗ್ರೀಕ್ ಹೆಣ್ಣೊಬ್ಬಳು ಭಾರತದ ಕರಾವಳಿಯಲ್ಲಿ ಸೆರೆ, ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ಹೆಂಡ ಕುಡಿಸಿ ಅವಳ ಕಡೆಯವರು ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡ ಎಂದು ವಿದ್ವಾಂಸರಾದ ಹುಲ್ಟ್ಸ್, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದರು. ಒಪ್ಪದವರೂ ಬಹಳ ಮಂದಿ ಇದ್ದಾರೆ. ಕನ್ನಡವೇ ಆಗಿದ್ದರೆ, ನಾವು ಅಲ್ಲಿ ರಂಗದ ಮೇಲೆ ಕಾಣಿಸಿಕೊಂಡದ್ದು ಕುಡಿದು ತೂರಾಡುವ ಖಳರಾಗಿ ಎಂದಾಯಿತು. ಅಭಿಮಾನ ಪಡುವ ಮೊದಲು ಇದನ್ನೂ ಯೋಚಿಸಬೇಕು.

ಇನ್ನು ಡಿಯೊನ ಬಳಿಗೆ ಹೋಗೋಣ. 192ರ ಕೊನೆಯ ತಿಂಗಳುಗಳು. ಕೊಮೊಡಸ್‌ಗೆ ಮೂವತ್ತೊಂದು ವಯಸ್ಸು, ಹನ್ನೆರಡು ವರ್ಷ ಆಳಿದ್ದಾಗಿದೆ. ಚಿತ್ರದಲ್ಲಿ ಕೆಲವೇ ತಿಂಗಳು ಎಂಬಂತೆ ಕಾಣುತ್ತದೆ. ತಾನು ಪುರಾಣದ ವೀರ ಹರ್ಕ್ಯುಲಿಸ್ ಎಂದು ಅವನಿಗೆ ಖಚಿತವಾಗಿದೆ. ರೋಮ್ ನಗರಕ್ಕೆ ತನ್ನ ಹೆಸರಿಟ್ಟಿದ್ದಾನೆ, ಹನ್ನೆರಡು ತಿಂಗಳಿಗೂ ತನ್ನವೇ ಹನ್ನೆರಡು ಬಿರುದುಗಳನ್ನು ಇಟ್ಟಿದ್ದಾನೆ. ನೀರೋ ನಿಲ್ಲಿಸಿದ್ದ ಬೃಹತ್ ಮೂರ್ತಿಯ ತಲೆ ತೆಗೆಸಿ ತನ್ನ ತಲೆ ಕೂರಿಸಿದ್ದಾನೆ. ಈಗ ಹದಿನಾಲ್ಕು ದಿನಗಳ ಆಟ. ಮೊದಲ ದಿನ ಒಬ್ಬನೇ ನೂರು ಕರಡಿ ಕೊಂದ. ಎದುರಿಗೆ ನಿಂತು ಅಲ್ಲ. ಕಣಕ್ಕೆ ಅಡ್ಡಗೋಡೆ ಕಟ್ಟಿಸಿ, ಮೇಲಿನ ಕಟಾಂಜನದ ಸುತ್ತ ಓಡಾಡುತ್ತಾ ಭರ್ಜಿ ಎಸೆದು. ನಡುವೆ ಆಯಾಸವಾಯಿತು. ಒಬ್ಬ ಹೆಂಗಸು ಗದೆಯ ಆಕಾರದ ಬಟ್ಟಲಿನಲ್ಲಿ ತಣ್ಣಗಿನ ಸಿಹಿ ದ್ರಾಕ್ಷಾರಸ ತಂದುಕೊಟ್ಟಳು. ಒಂದೇ ಗುಟುಕಿಗೆ ಕುಡಿದ. ಕೂಡಲೇ ಜನರೂ ಸೆನೆಟ್ ಸದಸ್ಯರೂ, ಮದ್ಯದ ಕೂಟಗಳಲ್ಲಿ ಕೂಗುವ ಹಾಗೆ, “ಚಿರಾಯುವಾಗು!” ಎಂದು ಕೂಗಿದರು. ಡಿಯೊ ಬರೆಯುವುದು ‘ಅವರು’ ಎಂದಲ್ಲ, ‘ನಾವು’ ಎಂದು. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಸರ್ವನಾಮದಿಂದ.

ಮಧ್ಯಾಹ್ನ ಚಕ್ರವರ್ತಿಯೇ ಗ್ಲಾಡಿಯೇಟರ್. ಬಲಗೈಯಲ್ಲಿ ಗುರಾಣಿ, ಎಡಗೈಯಲ್ಲಿ ಮರದ ಕತ್ತಿ. ತಾನು ಎಡಚ ಎಂಬುದು ಅವನಿಗೆ ದೊಡ್ಡ ಹೆಮ್ಮೆ. ಎದುರಾಳಿಯ ಕೈಯಲ್ಲಿ ಒಂದು ಕೋಲು. ಪ್ರತಿ ಸಲ ಗೆಲ್ಲುವವನು ಯಾರು ಎಂದು ಹೇಳಬೇಕಾಗಿಲ್ಲ. ಈ ಗೆಲುವಿಗೆ ದಿನಕ್ಕೆ ಹತ್ತು ಲಕ್ಷ ಸೆಸ್ಟರ್ಸ್ ನಾಣ್ಯಗಳ ಸಂಭಾವನೆಯನ್ನು ಗ್ಲಾಡಿಯೇಟರ್ ಆಟಗಳ ನಿಧಿಯಿಂದಲೇ ಪಡೆಯುತ್ತಿದ್ದ. ಸೆನೆಟ್ ಸದಸ್ಯರು ಹೇಳಿಕೊಟ್ಟ ಘೋಷಣೆಗಳನ್ನು ಕೂಗಬೇಕು: ನೀನೇ ಒಡೆಯ, ನೀನೇ ಮೊದಲಿಗ, ಗೆದ್ದೆ, ಗೆಲ್ಲುತ್ತಲೇ ಇರುತ್ತೀಯೆ. ಸಾಮಾನ್ಯ ಜನ ಹಲವರು ಬರುವುದನ್ನೇ ಬಿಟ್ಟರು. ಹರ್ಕ್ಯುಲಿಸ್ ಹಕ್ಕಿಗಳನ್ನು ಹೊಡೆದ ಹಾಗೆ ಪ್ರೇಕ್ಷಕರ ಮೇಲೆ ಬಾಣ ಬಿಡುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಸೆನೆಟ್ ಸದಸ್ಯರಿಗೆ ಬಿಡುವ ಹಾಗಿಲ್ಲ. ಅವರ ಜಾಗ ಮುಂದಿನ ಸಾಲು.

ಒಂದು ದಿನ ಕೊಮೊಡಸ್ ಒಂದು ಉಷ್ಟ್ರಪಕ್ಷಿಯನ್ನು ಕೊಂದ. ತಲೆ ಕತ್ತರಿಸಿದ. ಎಡಗೈಯಲ್ಲಿ ಆ ತಲೆ, ಬಲಗೈಯಲ್ಲಿ ರಕ್ತ ಸುರಿಯುವ ಕತ್ತಿ ಹಿಡಿದು ಸೆನೆಟ್ ಸದಸ್ಯರು ಕುಳಿತಿದ್ದ ಕಡೆಗೆ ಬಂದ. ಮಾತಾಡಲಿಲ್ಲ. ಹಲ್ಲುಕಿರಿದು ತನ್ನ ತಲೆಯನ್ನು ಅಲ್ಲಾಡಿಸಿದ, ನಿಮಗೂ ಇದೇ ಗತಿ ಎಂಬಂತೆ. ಡಿಯೊ ಬರೆಯುತ್ತಾನೆ: ಆಗ ನಮಗೆ ಬಂದದ್ದು ಸಂಕಟವಲ್ಲ, ನಗು. ನಕ್ಕಿದ್ದರೆ ಅಲ್ಲಿಯೇ ಕತ್ತಿಗೆ ಬಲಿಯಾಗುತ್ತಿದ್ದೆವು. ನಾನು ನನ್ನ ತಲೆಯ ಮೇಲಿದ್ದ ಮಾಲೆಯಿಂದ ಲಾರೆಲ್ ಎಲೆ ಕಿತ್ತು ಬಾಯಿಗೆ ಹಾಕಿ ಜಗಿಯತೊಡಗಿದೆ; ಪಕ್ಕದವರಿಗೂ ಹಾಗೆಯೇ ಮಾಡಲು ಹೇಳಿದೆ; ದವಡೆ ಆಡುತ್ತಿದ್ದರೆ ನಗುತ್ತಿರುವುದು ತಿಳಿಯದು.

ಒಂದು ಕ್ಷಣ ಆ ಸಾಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಮ್ರಾಜ್ಯದ ಹಿರಿಯರು, ಸಾಲಾಗಿ ಕುಳಿತು, ಬೇಲಿಯ ಬಳಿಯ ಆಡುಗಳ ಹಾಗೆ ಎಲೆ ಮೆಲ್ಲುತ್ತಿದ್ದಾರೆ. ಎದುರಿಗೆ ಹಕ್ಕಿಯ ತಲೆ ಹಿಡಿದ ಜಗದೊಡೆಯ. ಯಾವ ಚಿತ್ರಕಥೆಗಾರ ಬರೆದಾನು ಇದನ್ನು?

ನನಗೆ ‘ಗ್ಲಾಡಿಯೇಟರ್’ ಬಗ್ಗೆ ಇರುವ ತಕರಾರು ಇಲ್ಲಿ ಹುಟ್ಟುತ್ತದೆ. ಅದು ರಿಕಾಬಿನ ತಕರಾರಲ್ಲ. ವಾಕೀನ್ ಫೀನಿಕ್ಸ್ ಅವರ ಕೊಮೊಡಸ್ ಅಪ್ಪನ ಪ್ರೀತಿ ಸಿಗದ ಮಗ. ಒಳಗೊಳಗೇ ಕೊಳೆತ ಮಗು. ನಟನೆ ಅದ್ಭುತ, ನಾವು ಅವನಿಗೆ ಹೆದರುತ್ತೇವೆ, ಒಂದಿಷ್ಟು ಮರುಗುತ್ತೇವೆ. ಆದರೆ ನಿಜವಾದ ಕೊಮೊಡಸ್ ನಗೆ ಬರಿಸುತ್ತಿದ್ದ, ನಗುವಂತಿರಲಿಲ್ಲ. ಅವನ ಕಾಲದಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ನರಕ ಅದು. ಈ ನರಕ ಚಿತ್ರದೊಳಗೆ ಬರಲೇ ಇಲ್ಲ. ಅಲ್ಲಿ ಜನ ಕೂಗುವುದು ಮನಸಾರೆ. ಕೊನೆಗೆ ಮ್ಯಾಕ್ಸಿಮಸ್‌ನ ಕಡೆ ತಿರುಗುವುದೂ ಮನಸಾರೆ. ಹೇಳಿಕೊಟ್ಟ ಘೋಷಣೆ ಕೂಗುತ್ತಾ ಒಳಗೆ ಎಲೆ ಜಗಿಯುವವನು ಅಲ್ಲಿ ಒಬ್ಬನೂ ಇಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿದ ಜನಕ್ಕೆ ಅದು ಹೇಗೆ ಬರಬೇಕು?

ಒಂದು ದೃಶ್ಯ ಮಾತ್ರ ಈ ಬಾಗಿಲನ್ನು ತಟ್ಟುತ್ತದೆ. ಆ ಮಣ್ಣಿನ ಸಣ್ಣ ಕಣದಲ್ಲಿ ಮ್ಯಾಕ್ಸಿಮಸ್ ಎದುರಾಳಿಗಳನ್ನೆಲ್ಲ ಬೇಗಬೇಗನೆ, ಕಸಾಯಿಯ ಹಾಗೆ ಕಡಿದು, ಕತ್ತಿಯನ್ನು ಗಣ್ಯರ ಕಡೆಗೆ ಎಸೆದು, ಮನರಂಜನೆ ಆಯಿತೇ ಎಂದು ಜನರನ್ನು ಕೇಳುತ್ತಾನೆ. ಆ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಇವತ್ತು ಇಲ್ಲಿಯೂ ನೀವು ಸುಮ್ಮನಾದದ್ದನ್ನು ನಾನು ಕೇಳಿಸಿಕೊಂಡೆ. ಆ ಪ್ರಶ್ನೆ ಕೇಳಿದ್ದು ಟಿಕೆಟ್ ಕೊಂಡು ಬಂದ ನಮ್ಮನ್ನು. ಉತ್ತರ ಯೋಚಿಸುವ ಮೊದಲೇ ಚಿತ್ರ ನಮ್ಮನ್ನು ರೋಮ್‌ಗೆ ಕರೆದೊಯ್ದು ಇನ್ನೂ ದೊಡ್ಡ ಕಣ, ಇನ್ನೂ ದೊಡ್ಡ ಕಾಳಗ, ಜೊತೆಗೆ ಹುಲಿ ಎಂದು ಹಾಸಿ ಬಡಿಸಿಬಿಡುತ್ತದೆ. ನಾವೂ ಉಣ್ಣುತ್ತೇವೆ. ನಾನೂ ಉಂಡಿದ್ದೇನೆ, ಏಳೆಂಟು ಸಲ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು, “ಹಾಗಾದರೆ ಆ ಇನ್ನೊಬ್ಬ ಸೇನಾಪತಿ?” ಎಂದು ಕೇಳಿದರು. ಮರೆತಿರಲಿಲ್ಲ, ಆದರೂ ಕೇಳಿದ್ದು ಒಳ್ಳೆಯದಾಯಿತು.)

ಅವನ ಹೆಸರು ಟೈಬೀರಿಯಸ್ ಕ್ಲಾಡಿಯಸ್ ಪೊಂಪೇಯಾನಸ್. ಸಿರಿಯಾದ ಆಂಟಿಯೋಕ್‌ನವನು, ದೊಡ್ಡ ಮನೆತನದವನಲ್ಲ. ಮಾರ್ಕಸ್‌ನ ಉತ್ತರದ ಯುದ್ಧಗಳಲ್ಲಿ ಬಲಗೈ, ಎರಡು ಸಲ ಕಾನ್ಸಲ್ ಎಂಬ ಅತ್ಯುನ್ನತ ಪದವಿ ಪಡೆದವನು. ಮಾರ್ಕಸ್ ತನ್ನ ವಿಧವೆ ಮಗಳು ಲೂಸಿಲ್ಲಾಳನ್ನು ಇವನಿಗೇ ಕೊಟ್ಟ. ಚಿತ್ರದಲ್ಲಿ ಲೂಸಿಲ್ಲಾ ಸೇನಾಪತಿಯನ್ನು ಹಳೆಯ ಒಲವಿನಿಂದ ನೋಡುತ್ತಾಳೆ. ಇತಿಹಾಸದಲ್ಲಿ ಅವಳೂ ಅವಳ ತಾಯಿಯೂ ಈ ಸಂಬಂಧ ಬೇಡವೆಂದು ಹಟ ಹಿಡಿದಿದ್ದರು: ವಯಸ್ಸಾದವನು, ಕುಲ ಸಾಲದು.

182ರ ಸುಮಾರಿಗೆ ಲೂಸಿಲ್ಲಾ ತಮ್ಮನನ್ನು ಕೊಲ್ಲಿಸಲು ಸಂಚು ಮಾಡಿದಳು. ಅದಕ್ಕೆ ಒಪ್ಪಿಕೊಂಡ ಕ್ವಿಂಟಿಯಾನಸ್, ಪೊಂಪೇಯಾನಸ್‌ನ ನೆಂಟ, ಕಣದ ಇಕ್ಕಟ್ಟು ದಾರಿಯಲ್ಲಿ ಅಡಗಿ ನಿಂತ. ಕೊಮೊಡಸ್ ಬಂದ. ಕ್ವಿಂಟಿಯಾನಸ್ ಕತ್ತಿ ಹಿರಿದು, “ನೋಡು, ಸೆನೆಟ್ ನಿನಗೆ ಕಳಿಸಿರುವುದು ಇದು” ಎಂದ. ಹೀಗೆ ಅನ್ನುವಷ್ಟರಲ್ಲಿ ಕಾವಲಿನವರು ಹಿಡಿದುಕೊಂಡರು. ನಮ್ಮ ಚಿತ್ರಗಳ ಖಳನಾಯಕರು ಕೊಲ್ಲುವ ಮೊದಲು ಸಂಭಾಷಣೆ ಒಪ್ಪಿಸುತ್ತಾರೆ ಎಂದು ನಗುತ್ತೇವಲ್ಲ, ಈ ರೋಗ ಹಳೆಯದು. ಲೂಸಿಲ್ಲಾಳನ್ನು ಕಾಪ್ರಿ ದ್ವೀಪಕ್ಕೆ ಅಟ್ಟಿ ಅಲ್ಲಿ ಕೊಂದರು.

ಪೊಂಪೇಯಾನಸ್ ಸಂಚಿನಲ್ಲಿರಲಿಲ್ಲ, ಉಳಿದುಕೊಂಡ. ಆಮೇಲೆ ಅವನು ರೋಮ್‌ಗೆ ಬರುವುದು ಅಪರೂಪವಾಯಿತು. ಹಳ್ಳಿಯ ಮನೆಯಲ್ಲಿರುತ್ತಿದ್ದ. ಕೇಳಿದರೆ, ವಯಸ್ಸಾಯಿತು, ಕಣ್ಣುಬೇನೆ ಎನ್ನುತ್ತಿದ್ದ. ಆ ಹದಿನಾಲ್ಕು ದಿನಗಳ ಆಟಕ್ಕೆ ಸೆನೆಟ್ ಸದಸ್ಯರೆಲ್ಲ ಬಂದು ಎಲೆ ಜಗಿಯುತ್ತಿದ್ದಾಗ ಇವನೊಬ್ಬ ಬರಲಿಲ್ಲ. ಗಂಡುಮಕ್ಕಳನ್ನು ಕಳಿಸಿದ. ಮಾರ್ಕಸ್‌ನ ಮಗ ಹೀಗೆ ಕುಣಿಯುವುದನ್ನು ನೋಡುವುದಕ್ಕಿಂತ ಇದಕ್ಕಾಗಿ ಸಾಯುವುದೇ ಮೇಲು ಎಂಬುದು ಅವನ ನಿಲುವಾಗಿತ್ತು ಎಂದು ಡಿಯೊ ಬರೆಯುತ್ತಾನೆ. ಅದೇ ಮುಂದಿನ ಸಾಲಿನಲ್ಲಿ ಕುಳಿತು ಕೂಗಿದ ಡಿಯೊ.

192ರ ಡಿಸೆಂಬರ್ 31. ಮರುದಿನ ಇಬ್ಬರು ಕಾನ್ಸಲ್‌ಗಳನ್ನು ಕೊಂದು ಗ್ಲಾಡಿಯೇಟರ್‌ಗಳ ವಸತಿಯಿಂದಲೇ ಮೆರವಣಿಗೆ ಹೊರಡಬೇಕೆಂದು ಕೊಮೊಡಸ್‌ನ ಯೋಜನೆ. ಉಪಪತ್ನಿ ಮಾರ್ಸಿಯಾ ವಿಷ ಹಾಕಿದಳು, ಅವನು ವಾಂತಿ ಮಾಡಿಕೊಂಡ. ಆಗ ಒಬ್ಬ ಜಟ್ಟಿಯನ್ನು ಕಳಿಸಿದರು. ಅವನು ಸ್ನಾನದ ಮನೆಯಲ್ಲಿಯೇ ಚಕ್ರವರ್ತಿಯ ಕತ್ತು ಹಿಸುಕಿದ. ಕಣವಿಲ್ಲ, ಜನವಿಲ್ಲ, ಗುಲಾಬಿ ಎಸಳಿಲ್ಲ. ಆ ಜಟ್ಟಿಯ ಹೆಸರು ನಾರ್ಸಿಸಸ್.

ಚಿತ್ರದ ಕೊನೆಯಲ್ಲಿ ಆಸೆ ತೋರಿಸಿದ ಹಾಗೆ ಗಣರಾಜ್ಯ ಹಿಂದಿರುಗಿತೇ? ಪರ್ಟಿನಾಕ್ಸ್ ಚಕ್ರವರ್ತಿಯಾದ, ಪೊಂಪೇಯಾನಸ್‌ನ ಕೈಕೆಳಗೆ ಬೆಳೆದವನು. ಬರಿದಾದ ಖಜಾನೆ ತುಂಬಲು ಕೊಮೊಡಸ್‌ನ ಸಾಮಾನುಗಳನ್ನು ಹರಾಜು ಹಾಕಿಸಿದ: ಜರಿಯ ರೇಷ್ಮೆ ಬಟ್ಟೆ, ರತ್ನ ಕೂರಿಸಿದ ಗ್ಲಾಡಿಯೇಟರ್ ಆಯುಧಗಳು, ಬಿಸಿಲು ಬಂದ ಕಡೆಯಿಂದ ತಿರುಗಿಸಿಕೊಳ್ಳಬಹುದಾದ ಆಸನಗಳ ಗಾಡಿ, ದಾರಿ ಅಳೆಯುವ ಗಾಡಿ. ಎಂಬತ್ತೇಳು ದಿನಕ್ಕೆ ಅಂಗರಕ್ಷಕ ಪಡೆಯವರೇ ಅವನನ್ನು ಕೊಂದರು. ಆಮೇಲೆ ಅವರು ಹರಾಜು ಹಾಕಿದ್ದು ಸಾಮ್ರಾಜ್ಯವನ್ನೇ. ಪಾಳೆಯದ ಒಳಗೊಬ್ಬ, ಹೊರಗೊಬ್ಬ ಸವಾಲು ಕೂಗಿದರು. ಹೊರಗೆ ನಿಂತಿದ್ದ ಡಿಡಿಯಸ್ ಜೂಲಿಯಾನಸ್ ಒಂದೇ ಸಲಕ್ಕೆ ಐದು ಸಾವಿರ ಏರಿಸಿ, ಬೆರಳು ಎತ್ತಿ ತೋರಿಸಿ, ಸೈನಿಕನೊಬ್ಬನಿಗೆ 25,000 ಸೆಸ್ಟರ್ಸ್ ಎಂದು ಕೂಗಿ ಗೆದ್ದ. ರಸೆಲ್ ಕ್ರೋ ಕೂಡ 2018ರಲ್ಲಿ ಸಿಡ್ನಿಯಲ್ಲಿ ತಮ್ಮ ಸಾಮಾನುಗಳ ಹರಾಜು ನಡೆಸಿದರು. ಈ ಚಿತ್ರದ ಎದೆಕವಚ 1,25,000 ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನೆನಪಾಯಿತು, ಹೇಳಿದೆ.

ಪರ್ಟಿನಾಕ್ಸ್‌ನ ಆ ಎಂಬತ್ತೇಳು ದಿನಗಳಲ್ಲಿ ಪೊಂಪೇಯಾನಸ್ ಸೆನೆಟ್‌ಗೆ ಬಂದಿದ್ದ. ಡಿಯೊ ಅವನನ್ನು ಅಲ್ಲಿ ಕಂಡದ್ದು ಅದೇ ಮೊದಲು. ಚಕ್ರವರ್ತಿ ಅವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಸಿಂಹಾಸನವನ್ನೇ ಕೊಡಲು ಹೋಗಿದ್ದನೆಂದೂ, ಇವನು ಒಲ್ಲೆ ಎಂದನೆಂದೂ ಕಥೆಯಿದೆ. ಆ ದಿನಗಳಲ್ಲಿ ಮುದುಕನಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ಮೈಯೂ ಗಟ್ಟಿಯಾಗಿತ್ತು ಎಂದು ಡಿಯೊ ಗಂಭೀರವಾಗಿಯೇ ಬರೆದಿದ್ದಾನೆ. ಪರ್ಟಿನಾಕ್ಸ್ ಸತ್ತ ಮೇಲೆ ಬೇನೆ ಮರುಕಳಿಸಿತು.

ಸಾಮ್ರಾಜ್ಯ ಕೊಂಡುಕೊಂಡ ಜೂಲಿಯಾನಸ್‌ಗೆ ಎರಡು ತಿಂಗಳಲ್ಲಿ ಕುತ್ತಿಗೆಗೆ ಬಂತು. ಉತ್ತರದಿಂದ ಸೇನಾಪತಿ ಸೆವೆರಸ್ ಸೇನೆ ಸಮೇತ ಬರುತ್ತಿದ್ದ. ಸೈನಿಕರು ಮಾತು ಕೇಳುವಂಥ ಒಬ್ಬರು ಬೇಕು ಎಂದು, ಟೆರಾಸಿನಾ ಎಂಬ ಕಡಲ ತೀರದ ಊರಿನಲ್ಲಿದ್ದ ಪೊಂಪೇಯಾನಸ್‌ಗೆ ಹೇಳಿಕಳಿಸಿದ: ಬಾ, ರಾಜ್ಯವನ್ನು ಇಬ್ಬರೂ ಸೇರಿ ಆಳೋಣ.

ಮುದುಕ ಉತ್ತರ ಕಳಿಸಿದ. ವಯಸ್ಸಾಗಿದೆ, ಕಣ್ಣೂ ಸರಿಯಾಗಿ ಕಾಣುವುದಿಲ್ಲ.